ವೇಗಕ್ಕೆ ದುಡ್ಡು, ಮೊಣಕೈಗೆ ಕತ್ತರಿ: ಬೇಸ್‌ಬಾಲ್ ಪಿಚರ್‌ಗಳ ತೋಳು ಯಾಕೆ ಉಳಿಯುತ್ತಿಲ್ಲ?

2023ರ ನವೆಂಬರ್ 1ರಂದು ಟೆಕ್ಸಸ್ ರೇಂಜರ್ಸ್ ತಂಡ ಮೊದಲ ಸಲ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸರಣಿ) ಗೆದ್ದಿತು. ಹಿಂದಿನ ಡಿಸೆಂಬರ್‌ನಲ್ಲಿ 5 ವರ್ಷಕ್ಕೆ 18.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಆ ತಂಡ ಕರೆತಂದಿದ್ದ ಪಿಚರ್ (ಬ್ಯಾಟರ್‌ಗೆ ಬಾಲ್ ಎಸೆಯುವವರು) ಜೇಕಬ್ ಡಿಗ್ರಾಮ್ ಆ ಸರಣಿಯಲ್ಲಿ ಒಂದು ಬಾಲನ್ನೂ ಎಸೆಯಲಿಲ್ಲ. ಆ ವರ್ಷ ಅವರು ಆಡಿದ್ದೇ 6 ಪಂದ್ಯ. ಆರನ್ನೂ ತಂಡ ಗೆದ್ದಿತ್ತು. ಏಪ್ರಿಲ್ ಕೊನೆಯಲ್ಲಿ ತೋಳು ತೊಂದರೆ ಕೊಡುತ್ತಿದೆ ಅಂತ ಮೈದಾನ ಬಿಟ್ಟವರಿಗೆ ಜೂನ್‌ನಲ್ಲಿ ಮೊಣಕೈ ಆಪರೇಷನ್ ಆಯಿತು. ಅದೇ ಮೊಣಕೈಗೆ ಅದು ಎರಡನೇ ಆಪರೇಷನ್.

ಡಿಗ್ರಾಮ್ ಈ ಕಾಲದ ಅತ್ಯುತ್ತಮ ಪಿಚರ್‌ಗಳಲ್ಲಿ ಒಬ್ಬರು. 2018 ಮತ್ತು 2019ರಲ್ಲಿ ಸತತ ಎರಡು ಸಲ ಸೈ ಯಂಗ್ ಪ್ರಶಸ್ತಿ ಪಡೆದವರು. ಆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಪ್ರಶಸ್ತಿ ಅದು. ಅಂಥವರ ತೋಳೇ ಹೀಗಾದರೆ ಉಳಿದವರ ಗತಿ ಏನು? ಈ ಪ್ರಶ್ನೆಯನ್ನು ಆಟದ ಅತಿ ಮೇಲಿನ ಲೀಗ್ ನಡೆಸುವ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ತಾನೇ ಕೇಳಿಕೊಂಡು, 200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, 2024ರ ಡಿಸೆಂಬರ್‌ನಲ್ಲಿ ಒಂದು ವರದಿ ಹೊರತಂದಿತು. ಅದರ ಪ್ರಕಾರ 2005ರಲ್ಲಿ ಪಿಚರ್‌ಗಳ ಹೆಸರು ಗಾಯಾಳುಗಳ ಪಟ್ಟಿಗೆ ಸೇರಿದ್ದು 212 ಸಲ. 2024ರಲ್ಲಿ 485 ಸಲ. ಮೇಜರ್ ಲೀಗ್ ಮತ್ತು ಅದರ ಕೆಳಗಿನ ಹಂತಗಳಾದ ಮೈನರ್ ಲೀಗ್ ಎರಡೂ ಸೇರಿ 2010ರಲ್ಲಿ 104 ಮೊಣಕೈ ಆಪರೇಷನ್ ನಡೆದಿದ್ದರೆ, 2024ರಲ್ಲಿ 281 ನಡೆದವು.

ಇದೇ ಅವಧಿಯಲ್ಲಿ ತಂಡಗಳ ಬಳಿ ಡಾಕ್ಟರ್‌ಗಳು ಜಾಸ್ತಿಯಾದರು. ಫಿಸಿಯೋಗಳು ಜಾಸ್ತಿಯಾದರು. ಪಿಚರ್‌ಗಳು ಎಸೆಯುವ ಬಾಲ್‌ಗಳ ಸಂಖ್ಯೆ ಕಡಿಮೆಯಾಯಿತು, ನಡುವೆ ಸಿಗುವ ವಿಶ್ರಾಂತಿ ಹೆಚ್ಚಾಯಿತು. ಆದರೂ ಗಾಯ ಏರುತ್ತಲೇ ಹೋಗಿದೆ. ನನ್ನ ಪ್ರಕಾರ ಕಾರಣ ಸರಳ, ಪರಿಹಾರ ಕಷ್ಟ. ಯಾವ ಕೆಲಸದಿಂದ ತೋಳು ಹರಿಯುತ್ತದೋ ಅದೇ ಕೆಲಸಕ್ಕೆ ಈ ಆಟ ಅತಿ ಹೆಚ್ಚು ದುಡ್ಡು ಕೊಡುತ್ತಿದೆ. ಅದು ಬದಲಾಗದೆ ಎಷ್ಟು ಡಾಕ್ಟರ್‌ಗಳನ್ನು ಇಟ್ಟುಕೊಂಡರೂ ಲೆಕ್ಕ ಬದಲಾಗುವುದಿಲ್ಲ.

ಪಿಚರ್ ಮಾಡುವ ಕೆಲಸ ಏನು?

ಕ್ರಿಕೆಟ್ ನೋಡಿ ಬೆಳೆದ ನಮಗೆ ಮೊದಲು ಇಷ್ಟು ಗೊತ್ತಿರಬೇಕು. ಪಿಚರ್‌ಗೆ ರನ್-ಅಪ್ ಇಲ್ಲ. ಸುಮಾರು 25 ಸೆಂ.ಮೀ. ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, ಒಂದು ರಬ್ಬರ್ ಪಟ್ಟಿಯನ್ನು ಕಾಲಿನಿಂದ ಒತ್ತಿ, ಒಂದೇ ಹೆಜ್ಜೆ ಮುಂದಿಟ್ಟು ಎಸೆಯಬೇಕು. ಬ್ಯಾಟರ್ ಇರುವ ಹೋಮ್ ಪ್ಲೇಟ್ ಅಲ್ಲಿಂದ 18.44 ಮೀಟರ್ ದೂರ. ಬಾಲ್ ನೆಲಕ್ಕೆ ಬೀಳದೆ ನೇರ ಹೋಗಬೇಕು. ಮೊಣಕೈ ಮಡಚಬಹುದು. ಮಡಚಲೇಬೇಕು, ಇಲ್ಲದಿದ್ದರೆ ನಿಂತಲ್ಲಿಂದ ಅಷ್ಟು ವೇಗ ಬರುವುದಿಲ್ಲ.

ನಮ್ಮ ಫಾಸ್ಟ್ ಬೌಲರ್ ಓಡಿ ಬಂದು, ಮುಂಗಾಲನ್ನು ನೆಲಕ್ಕೆ ಬಡಿದು, ತೋಳನ್ನು ನೆಟ್ಟಗೆ ಬೀಸುತ್ತಾನೆ. ಹಾಗಾಗಿ ಅವನ ಭಾರ ಬೀಳುವುದು ಹೆಚ್ಚಾಗಿ ಸೊಂಟ, ಮಂಡಿ, ಹಿಮ್ಮಡಿ ಮೇಲೆ. ಪಿಚರ್‌ನ ಭಾರವೆಲ್ಲ ಭುಜ ಮತ್ತು ಮೊಣಕೈಗೆ. ತೋಳು ಹಿಂದಕ್ಕೆ ಬಾಗಿ, ಅಂಗೈ ಆಕಾಶ ನೋಡುವ ಒಂದು ಕ್ಷಣ ಬರುತ್ತದೆ. ನಿಧಾನಗತಿಯ ವಿಡಿಯೋದಲ್ಲಿ ನೋಡಿದರೆ ಮುಂಗೈ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಂದಕ್ಕೆ ಮಲಗಿರುತ್ತದೆ. ಅಲ್ಲಿಂದ ಭುಜ ಒಳಕ್ಕೆ ತಿರುಗುವ ವೇಗ ಸೆಕೆಂಡಿಗೆ ಸುಮಾರು 7,000 ಡಿಗ್ರಿ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಒಂದು ಸೆಕೆಂಡಿಗೆ 19 ಸುತ್ತು ಆಗುತ್ತದೆ. ಕ್ರೀಡೆಯಲ್ಲಿ ಮನುಷ್ಯನ ದೇಹ ಮಾಡುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು.

ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಿರಿದು ತೆರೆದುಕೊಳ್ಳಲು ನೋಡುತ್ತದೆ. ಅದನ್ನು ಬಿಗಿಯಾಗಿ ಹಿಡಿದಿಡುವುದು ಯುಸಿಎಲ್ ಅನ್ನುವ ಒಂದು ಚಿಕ್ಕ ಲಿಗಮೆಂಟ್. ಮೇಲ್ತೋಳಿನ ಮೂಳೆಗೂ ಮುಂಗೈ ಮೂಳೆಗೂ ನಡುವೆ ಬಿಗಿದಿರುವ ಪಟ್ಟಿ ಅದು. ಸತ್ತವರ ದೇಹದಿಂದ ತೆಗೆದ ಮೊಣಕೈಗಳನ್ನು ಲ್ಯಾಬ್‌ನಲ್ಲಿ ತಿರುಚಿ ನೋಡಿದಾಗ ಈ ಲಿಗಮೆಂಟ್ ಸುಮಾರು 32ರಿಂದ 34 ನ್ಯೂಟನ್-ಮೀಟರ್ ತಿರುಚು ಬಲಕ್ಕೆ ಹರಿದಿದೆ. ವೃತ್ತಿಪರ ಪಿಚರ್ ಜೋರಾಗಿ ಎಸೆದಾಗ ಮೊಣಕೈ ಮೇಲೆ ಬೀಳುವ ಬಲ ಅದರ ಹತ್ತಿರ ಹತ್ತಿರ ಎರಡರಷ್ಟು. ಹಾಗಾದರೆ ಪ್ರತಿ ಬಾಲಿಗೂ ಅದು ಯಾಕೆ ಹರಿಯುವುದಿಲ್ಲ? ಸುತ್ತಲಿನ ಮುಂಗೈ ಸ್ನಾಯುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಸ್ನಾಯು ದಣಿದಾಗ ಪಾಲು ತಪ್ಪುತ್ತದೆ, ಲಿಗಮೆಂಟ್ ಮೇಲೆ ಭಾರ ಏರುತ್ತದೆ.

ಬಾವಿ ಹಗ್ಗ ಒಂದೊಂದೇ ಎಳೆ ಸವೆದು, ಯಾವುದೋ ಒಂದು ದಿನ ಕೊಡ ಎತ್ತುವಾಗ ತುಂಡಾಗುತ್ತದಲ್ಲ, ಇದೂ ಬಹುಪಾಲು ಹಾಗೇ. ಟಿವಿಯಲ್ಲಿ ಕಾಣುವುದು ಕೊನೆಯ ಆ ಒಂದು ಬಾಲ್. ಸವೆತ ಶುರುವಾಗಿದ್ದು ಎಷ್ಟೋ ವರ್ಷ ಹಿಂದೆ, ಎಷ್ಟೋ ಜನರಿಗೆ ಸ್ಕೂಲಿನ ಮೈದಾನದಲ್ಲಿ.

ಇಲ್ಲೊಂದು ಮುಖ್ಯ ವಿಷಯ ಇದೆ. ಜಿಮ್‌ನಲ್ಲಿ ಸ್ನಾಯು ಬೆಳೆಸಬಹುದು. ಕಾಲು, ಸೊಂಟ, ಬೆನ್ನು ಎಲ್ಲವನ್ನೂ ಗಟ್ಟಿ ಮಾಡಿ ಎಸೆತದ ವೇಗ ಹೆಚ್ಚಿಸಬಹುದು. ಲಿಗಮೆಂಟನ್ನು ಅದೇ ಪ್ರಮಾಣದಲ್ಲಿ ಬೆಳೆಸಲು ಆಗುವುದಿಲ್ಲ. 2008ರಲ್ಲಿ ಮೇಜರ್ ಲೀಗ್‌ನ ಫಾಸ್ಟ್‌ಬಾಲ್‌ಗಳ ಸರಾಸರಿ ವೇಗ ಗಂಟೆಗೆ 147 ಕಿ.ಮೀ. ಇತ್ತು. 2024ಕ್ಕೆ ಅದು 151.6 ಕಿ.ಮೀ. ಆಯಿತು. ನಾಲ್ಕೂವರೆ ಕಿ.ಮೀ. ತಾನೇ ಅನ್ನಿಸಬಹುದು. ಅದು ಇಡೀ ಲೀಗಿನ ಸರಾಸರಿ. ಬಹಳ ತಂಡಗಳಲ್ಲಿ ಈಗ 160 ಮುಟ್ಟುವವರು ಒಬ್ಬರೋ ಇಬ್ಬರೋ ಇರುತ್ತಾರೆ. ಆ ಕೊನೆಯ ಕೆಲವು ಕಿಲೋಮೀಟರ್‌ಗಳನ್ನೆಲ್ಲ ಹೊರುತ್ತಿರುವುದು ಅದೇ ಹಳೆಯ ಅಳತೆಯ ಲಿಗಮೆಂಟ್.

ಟಾಮಿ ಜಾನ್ ಮತ್ತು ಒಂದು ತಪ್ಪು ನಂಬಿಕೆ

1974ರ ಜುಲೈ 17ರಂದು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್ ಮಾಂಟ್ರಿಯಲ್ ವಿರುದ್ಧ ಆಡುತ್ತಿದ್ದಾಗ ಅವರ ಮೊಣಕೈ ಲಿಗಮೆಂಟ್ ಹರಿಯಿತು. ಆಗ ಅವರ ಲೆಕ್ಕ 13 ಗೆಲುವು, 3 ಸೋಲು. ಜೀವನದ ಅತ್ಯುತ್ತಮ ಸೀಸನ್ ಆಗುವುದರಲ್ಲಿತ್ತು. ಅಲ್ಲಿಯವರೆಗೆ ಈ ಗಾಯ ಅಂದರೆ ವೃತ್ತಿ ಮುಗಿಯಿತು ಅಂತಲೇ ಅರ್ಥ. ತಂಡದ ಡಾಕ್ಟರ್ ಫ್ರಾಂಕ್ ಜೋಬ್ ಹೊಸ ಉಪಾಯ ಮಾಡಿದರು. ಬಲ ಮುಂಗೈಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ದಾರ) ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ರಂಧ್ರ ಕೊರೆದು, ಅದರೊಳಗೆ ಪೋಣಿಸಿ ಬಿಗಿದರು. ಸೆಪ್ಟೆಂಬರ್ 25ರಂದು ಆಪರೇಷನ್. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಆ ಟೆಂಡನ್ ಯಾವುದು ಅಂತ ನೀವೇ ನೋಡಿಕೊಳ್ಳಬಹುದು. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಮಡಚಿ. ಮಣಿಕಟ್ಟಿನ ನಡುವೆ ಒಂದು ದಾರ ಎದ್ದು ಕಾಣುತ್ತದೆ. ಅದೇ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ಕೈಗೆ ಏನೂ ತೊಂದರೆಯಿಲ್ಲ. ಅದಕ್ಕೇ ಡಾಕ್ಟರ್‌ಗಳು ಧೈರ್ಯವಾಗಿ ತೆಗೆಯುತ್ತಾರೆ. ಅದು ಇಲ್ಲದವರಿಗೆ ತೊಡೆಯ ಹಿಂಭಾಗದಿಂದ ತೆಗೆಯುವುದುಂಟು.

ಟಾಮಿ ಜಾನ್ 1975ರ ಇಡೀ ಸೀಸನ್ ಕಳೆದುಕೊಂಡು 1976ರಲ್ಲಿ ಮರಳಿದರು. 1989ರವರೆಗೆ, 46 ವಯಸ್ಸಿನ ತನಕ ಆಡಿದರು. ಅವರ ಒಟ್ಟು 288 ಗೆಲುವುಗಳಲ್ಲಿ 164 ಬಂದಿದ್ದು ಆಪರೇಷನ್ ಆದ ಮೇಲೆ. ಅಂದಿನಿಂದ ಆ ಆಪರೇಷನ್‌ಗೆ ಅವರದೇ ಹೆಸರು.

ಆದರೆ ಈ ಯಶಸ್ಸಿನಿಂದ ಒಂದು ಕೆಟ್ಟ ನಂಬಿಕೆಯೂ ಬೆಳೆಯಿತು. ಆಪರೇಷನ್ ಮಾಡಿಸಿದರೆ ತೋಳು ಮೊದಲಿಗಿಂತ ಗಟ್ಟಿಯಾಗುತ್ತದೆ, ವೇಗ ಜಾಸ್ತಿಯಾಗುತ್ತದೆ ಅಂತ ಅಮೆರಿಕದ ಎಷ್ಟೋ ಹೈಸ್ಕೂಲ್ ಹುಡುಗರು ನಂಬಿದ್ದಾರೆ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಹೈಸ್ಕೂಲ್ ಆಟಗಾರರಲ್ಲಿ ಸುಮಾರು ಅರ್ಧದಷ್ಟು ಜನ, ಗಾಯ ಆಗದಿದ್ದರೂ ಆಟ ಸುಧಾರಿಸಲು ಈ ಆಪರೇಷನ್ ಮಾಡಿಸಬಹುದು ಅಂದಿದ್ದರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಆಪರೇಷನ್ ನಂತರ ವೇಗ ಹೆಚ್ಚಿದಂತೆ ಕಂಡರೆ ಅದಕ್ಕೆ ಕಾರಣ ಸುಮಾರು ಒಂದೂವರೆ ವರ್ಷದ ಶಿಸ್ತಿನ ವ್ಯಾಯಾಮ ಮತ್ತು ವಿಶ್ರಾಂತಿ. ಹುಡುಗ ಬೆಳೆಯುವ ವಯಸ್ಸಿನವನಾದರೆ ಅದೂ ಸೇರುತ್ತದೆ. ಮರಳಿ ಬರುವವರು ಬಹಳ ಜನ ಇದ್ದಾರೆ, ನಿಜ. ಮರಳಿ ಬಾರದವರೂ ಇದ್ದಾರೆ. ಎರಡನೇ ಸಲ ಮಾಡಿಸಿಕೊಂಡವರ ದಾರಿ ಇನ್ನೂ ಕಷ್ಟ.

ದುಡ್ಡಿನ ಲೆಕ್ಕ

ಡಿಗ್ರಾಮ್ ಹುಟ್ಟು ಪಿಚರ್ ಅಲ್ಲ. ಫ್ಲಾರಿಡಾದ ಸ್ಟೆಟ್ಸನ್ ಯೂನಿವರ್ಸಿಟಿಯಲ್ಲಿ ಅವರು ಶಾರ್ಟ್‌ಸ್ಟಾಪ್, ಅಂದರೆ ಫೀಲ್ಡರ್. ಪಿಚಿಂಗ್‌ಗೆ ಬಂದಿದ್ದು ಕಾಲೇಜಿನ ಕೊನೆಗೆ. 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸಭೆಯಲ್ಲಿ, ನ್ಯೂಯಾರ್ಕ್ ಮೆಟ್ಸ್ ತಂಡ 9ನೇ ಸುತ್ತಿನಲ್ಲಿ ಆರಿಸಿಕೊಂಡಿತು. ಅದೇ ಅಕ್ಟೋಬರ್‌ನಲ್ಲಿ ಮೊದಲ ಟಾಮಿ ಜಾನ್ ಆಪರೇಷನ್. ಆಗ ಭುಜದ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ಹಿರಿಯ ಪಿಚರ್ ಯೋಹಾನ್ ಸಾಂತಾನಾ ಅದೇ ಕ್ಯಾಂಪಿನಲ್ಲಿದ್ದರು. ಅವರು ಈ ಹುಡುಗನಿಗೆ ಚೇಂಜ್‌ಅಪ್ ಹೇಳಿಕೊಟ್ಟರು. ತೋಳು ಅದೇ ಜೋರಿನಲ್ಲಿ ಬೀಸಿದರೂ ಬಾಲ್ ನಿಧಾನವಾಗಿ ಬರುವ ಎಸೆತ ಅದು. ಮುಂದೆ ಡಿಗ್ರಾಮ್ ಅವರ ದೊಡ್ಡ ಅಸ್ತ್ರಗಳಲ್ಲಿ ಅದೂ ಒಂದಾಯಿತು.

2014ರಲ್ಲಿ ಮೇಜರ್ ಲೀಗ್‌ಗೆ ಬಂದಾಗ ಅವರಿಗೆ 25 ದಾಟಿ 26 ಹತ್ತಿರವಾಗಿತ್ತು. ಆ ವರ್ಷದ ಅತ್ಯುತ್ತಮ ಹೊಸಬ ಪ್ರಶಸ್ತಿ ಸಿಕ್ಕಿತು. 2018ರಲ್ಲಿ 9 ಇನ್ನಿಂಗ್ಸ್‌ಗೆ ಸರಾಸರಿ 1.70 ರನ್ ಮಾತ್ರ ಬಿಟ್ಟುಕೊಟ್ಟರು. ಬೇಸ್‌ಬಾಲ್‌ನಲ್ಲಿ ಮೂರು ಜನ ಔಟಾದರೆ ಒಂದು ಇನ್ನಿಂಗ್ಸ್, ಒಂದು ಪಂದ್ಯಕ್ಕೆ ಸಾಮಾನ್ಯವಾಗಿ 9 ಇನ್ನಿಂಗ್ಸ್. ಸಾಮಾನ್ಯವಾಗಿ 3ರ ಒಳಗಿದ್ದರೇ ಬಹಳ ಒಳ್ಳೆಯ ಪಿಚರ್ ಅನ್ನುತ್ತಾರೆ. ಆಮೇಲೆ ಒಂದು ವಿಚಿತ್ರ ನಡೆಯಿತು. ವಯಸ್ಸಾದಂತೆ ಪಿಚರ್‌ಗಳ ವೇಗ ಇಳಿಯುವುದು ವಾಡಿಕೆ. ಮೂವತ್ತು ದಾಟಿದ ಡಿಗ್ರಾಮ್ ಅವರ ವೇಗ ವರ್ಷವರ್ಷ ಏರಿತು. 2021ರಲ್ಲಿ ಅವರ ಫಾಸ್ಟ್‌ಬಾಲ್‌ನ ಸರಾಸರಿಯೇ 159 ಕಿ.ಮೀ. ದಾಟಿತ್ತು. ಆ ವರ್ಷ ಬಿಟ್ಟುಕೊಟ್ಟ ರನ್ ಸರಾಸರಿ 1.08. ಅಂಥ ಪಿಚಿಂಗ್ ಅಪರೂಪದಲ್ಲಿ ಅಪರೂಪ. 15 ಪಂದ್ಯ ಮುಗಿಸಿದರು, ಜುಲೈಗೆ ತೋಳು ನಿಂತಿತು. 2022ರಲ್ಲಿ ಭುಜದ ಮೂಳೆ ತೊಂದರೆಯಿಂದ ಆಗಸ್ಟ್‌ವರೆಗೆ ಹೊರಗೆ. ಇಷ್ಟೆಲ್ಲ ಗೊತ್ತಿದ್ದೂ ರೇಂಜರ್ಸ್ ತಂಡ 18.5 ಕೋಟಿ ಡಾಲರ್ ಕೊಟ್ಟಿತು.

ತಂಡಗಳು ಮೂರ್ಖತನದಿಂದ ಹೀಗೆ ಮಾಡುತ್ತಿಲ್ಲ. ವೇಗ ನಿಜಕ್ಕೂ ಕೆಲಸ ಮಾಡುತ್ತದೆ. 160 ಕಿ.ಮೀ. ವೇಗದ ಬಾಲ್ ಬ್ಯಾಟರ್ ಹತ್ತಿರ ಬರಲು ಸುಮಾರು 0.4 ಸೆಕೆಂಡ್ ಸಾಕು. 1999ರಲ್ಲಿ ಮೇಜರ್ ಲೀಗ್‌ನ ಬ್ಯಾಟಿಂಗ್ ಸರಾಸರಿ .271 ಇತ್ತು, ಅಂದರೆ ಸಾವಿರ ಅವಕಾಶಕ್ಕೆ 271 ಯಶಸ್ವಿ ಹೊಡೆತ. 2024ರಲ್ಲಿ ಅದು .243ಕ್ಕೆ ಬಿದ್ದಿತ್ತು. ಇಷ್ಟು ದೊಡ್ಡ ಆಟದಲ್ಲಿ ಇದು ದೊಡ್ಡ ಕುಸಿತ. ಅದರ ಹಿಂದೆ ವೇಗದ ಪಾಲು ಬಹಳವಿದೆ.

ಇದಕ್ಕೆ ಇನ್ನೊಂದು ತಂತ್ರ ಸೇರಿಕೊಂಡಿತು. ಒಬ್ಬ ಪಿಚರ್‌ನನ್ನು ಬ್ಯಾಟರ್ ಒಂದೇ ಪಂದ್ಯದಲ್ಲಿ ಮೂರನೇ ಸಲ ಎದುರಿಸುವಾಗ ಚೆನ್ನಾಗಿ ಹೊಡೆಯುತ್ತಾನೆ ಅನ್ನುವುದನ್ನು ಅಂಕಿಅಂಶ ತೋರಿಸಿತು. ಹಾಗಾಗಿ ಈಗ ಸ್ಟಾರ್ಟರ್‌ನನ್ನು, ಅಂದರೆ ಪಂದ್ಯ ಶುರು ಮಾಡುವ ಪಿಚರ್‌ನನ್ನು, ಐದಾರು ಇನ್ನಿಂಗ್ಸ್‌ಗೇ ಹೊರಗೆ ಕರೆಸಿ, ಒಬ್ಬರ ಹಿಂದೆ ಒಬ್ಬರಂತೆ ಹೊಸ ಪಿಚರ್‌ಗಳನ್ನು ಕಳಿಸುತ್ತಾರೆ. 1974ರಲ್ಲಿ ಪಿಚರ್ ಒಬ್ಬನೇ 9 ಇನ್ನಿಂಗ್ಸ್ ಪೂರ್ತಿ ಎಸೆದ ಉದಾಹರಣೆ ಸಾವಿರಕ್ಕೂ ಹೆಚ್ಚು. 2024ರಲ್ಲಿ ಇಡೀ ಮೇಜರ್ ಲೀಗ್ ಸೇರಿ 28. ಮೊದಲು ಪಿಚರ್‌ಗಳು ತೋಳು ಉಳಿಸಿಕೊಂಡು ಎಸೆಯುತ್ತಿದ್ದರು. ಕಷ್ಟದ ಬ್ಯಾಟರ್ ಬಂದಾಗ ಮಾತ್ರ ಪೂರ್ತಿ ಬಲ ಹಾಕುತ್ತಿದ್ದರು. ಈಗ ಉಳಿಸಿಕೊಳ್ಳಲು ಕಾರಣವೇ ಇಲ್ಲ. ಐದು ಇನ್ನಿಂಗ್ಸ್‌ಗೆ ಹೇಗೂ ಹೊರಗೆ ಕರೆಸುತ್ತಾರೆ ಅಂದಮೇಲೆ ಮೊದಲ ಬಾಲಿನಿಂದಲೇ ಜೀವ ಬಿಟ್ಟು ಎಸೆಯುವುದು ಸಹಜ, ಅಲ್ವಾ?

ಮಾರ್ಕ್ ಬರ್ಲಿ ಅವರನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಅವರ ಫಾಸ್ಟ್‌ಬಾಲ್ 140 ಕಿ.ಮೀ. ಆಸುಪಾಸು, ಕೊನೆಕೊನೆಗೆ ಅದಕ್ಕೂ ಕಡಿಮೆ. 2001ರಿಂದ 2014ರವರೆಗೆ ಸತತ 14 ಸೀಸನ್ ತಲಾ 200 ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆದರು. 2009ರಲ್ಲಿ ಪರ್ಫೆಕ್ಟ್ ಗೇಮ್ ಎಸೆದರು, ಅಂದರೆ 27 ಬ್ಯಾಟರ್‌ಗಳಲ್ಲಿ ಒಬ್ಬರನ್ನೂ ಬೇಸ್‌ಗೆ ಬಿಡಲಿಲ್ಲ. 2024ರಲ್ಲಿ 200 ಇನ್ನಿಂಗ್ಸ್ ಮುಟ್ಟಿದವರು ಎಲ್ಲ 30 ತಂಡಗಳಲ್ಲಿ ಸೇರಿ ನಾಲ್ಕೇ ಜನ. ಬರ್ಲಿ ಅವರನ್ನು 1998ರ ಡ್ರಾಫ್ಟ್‌ನಲ್ಲಿ ಆರಿಸಿಕೊಂಡಿದ್ದು 38ನೇ ಸುತ್ತಿನಲ್ಲಿ. ಈಗ ಡ್ರಾಫ್ಟ್ 20 ಸುತ್ತಿಗೇ ಮುಗಿಯುತ್ತದೆ. ಅಂಥ ಹುಡುಗ ಇವತ್ತು ಇದ್ದರೆ ಅವನ ಹೆಸರು ಕೂಗುವ ಹೊತ್ತಿಗೆ ಸಭೆ ಎದ್ದು ಹೋಗಿರುತ್ತದೆ.

ಗಾಯವಾದಾಗ ನಷ್ಟ ಯಾರಿಗೆ ಅನ್ನುವುದನ್ನೂ ನೋಡೋಣ. ಮೇಜರ್ ಲೀಗ್ ಒಪ್ಪಂದಕ್ಕೆ ಗ್ಯಾರಂಟಿ ಇದೆ. ಡಿಗ್ರಾಮ್ ಆಡದಿದ್ದರೂ ಸಂಬಳ ಬಂತು. ಶೋಹೆ ಒಟಾನಿ 2023ರ ಸೆಪ್ಟೆಂಬರ್‌ನಲ್ಲಿ ಎರಡನೇ ಸಲ ಮೊಣಕೈ ಆಪರೇಷನ್ ಮಾಡಿಸಿಕೊಂಡು, ಮೂರು ತಿಂಗಳಲ್ಲಿ ಡಾಡ್ಜರ್ಸ್ ಜೊತೆ 70 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಅವರು ಬ್ಯಾಟರ್ ಕೂಡ ಆಗಿದ್ದರಿಂದ ಅವರ ಕಥೆ ಬೇರೆಯೇ. ಕೆಳಗಿನವರ ಲೆಕ್ಕ ನೋಡಿ. 2025ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,60,000 ಡಾಲರ್. ಅದರ ಒಂದೇ ಮೆಟ್ಟಿಲು ಕೆಳಗಿರುವ ಟ್ರಿಪಲ್-ಎ ಆಟಗಾರನಿಗೆ 2023ರ ಒಪ್ಪಂದದ ಪ್ರಕಾರ ಸಿಕ್ಕ ಕನಿಷ್ಠ ಸಂಬಳ 35,800 ಡಾಲರ್. ಅದೂ ಯೂನಿಯನ್ ಹೋರಾಡಿ ಹೆಚ್ಚಿಸಿದ ಮೇಲೆ.

ಈ ಎರಡು ಅಂಕಿಗಳ ನಡುವೆ ನಿಂತಿರುವ 23 ವರ್ಷದ ಹುಡುಗನನ್ನು ಊಹಿಸಿಕೊಳ್ಳಿ. 148ರ ಬದಲು 153 ಎಸೆದರೆ ಮೇಲಕ್ಕೆ ಹೋಗಬಹುದು. ತೋಳು ಹರಿಯಬಹುದು ಅಂತ ಅವನಿಗೂ ಗೊತ್ತು. ಎಸೆಯದಿದ್ದರೆ ಮನೆಗೆ ಹೋಗುವುದಂತೂ ಖಂಡಿತ. ಅವನು ಏನು ಆರಿಸಿಕೊಳ್ಳುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ಅವನನ್ನು ಯಾರೂ ಬಲವಂತ ಮಾಡಿಲ್ಲ ಅಂತ ತಂಡಗಳು ಹೇಳಬಹುದು. ಆದರೆ ಈ ಬೆಲೆ ಪಟ್ಟಿ ಬರೆದವರು ತಂಡಗಳೇ.

ಹದಿನೈದರ ಹುಡುಗರು

ನನಗೆ ಅತಿ ಹೆಚ್ಚು ಬೇಸರ ತರಿಸುವುದು ಈ ಭಾಗ. ಅಮೆರಿಕದಲ್ಲಿ 2007ರಿಂದ 2011ರವರೆಗಿನ ಖಾಸಗಿ ವಿಮೆಯ ದಾಖಲೆಗಳನ್ನು ಸಂಶೋಧಕರು ತೆಗೆದು ನೋಡಿದಾಗ, ಈ ಮೊಣಕೈ ಆಪರೇಷನ್ ಮಾಡಿಸಿಕೊಂಡವರಲ್ಲಿ ಶೇ. 56.8 ಮಂದಿ 15ರಿಂದ 19 ವಯಸ್ಸಿನವರು. ಒಂದು ಡಾಲರ್ ಸಂಬಳವನ್ನೂ ನೋಡದ ಮಕ್ಕಳು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೊದಲು ಹುಡುಗರು ವಸಂತದಲ್ಲಿ ಬೇಸ್‌ಬಾಲ್, ಚಳಿಗಾಲದಲ್ಲಿ ಬಾಸ್ಕೆಟ್‌ಬಾಲ್ ಅಂತ ಆಡುತ್ತಿದ್ದರು. ಈಗ ವರ್ಷಪೂರ್ತಿ ಬೇಸ್‌ಬಾಲ್. ಸ್ಕೂಲ್ ತಂಡ ಒಂದು, ದುಡ್ಡು ಕೊಟ್ಟು ಸೇರುವ ಟ್ರಾವೆಲ್ ತಂಡ ಇನ್ನೊಂದು. ಒಂದು ಕಡೆ ಎಸೆದ ಬಾಲ್‌ಗಳ ಲೆಕ್ಕ ಇನ್ನೊಂದು ಕಡೆಯ ಕೋಚ್‌ಗೆ ಗೊತ್ತಾಗುವುದಿಲ್ಲ. ಇದರ ಮೇಲೆ ಶೋಕೇಸ್‌ಗಳು, ಅಂದರೆ ಹುಡುಗರು ಸ್ಕೌಟ್‌ಗಳ (ಪ್ರತಿಭೆ ಹುಡುಕುವವರ) ಮುಂದೆ ತಮ್ಮ ಆಟ ತೋರಿಸುವ ಪಂದ್ಯಗಳು. ಹಿಂದಿನ ಬೇಲಿಯ ಹತ್ತಿರ ಸ್ಕೌಟ್‌ಗಳು ರೇಡಾರ್ ಗನ್ ಹಿಡಿದು ಸಾಲಾಗಿ ಕೂತಿರುತ್ತಾರೆ. ಹುಡುಗ ಒಂದೇ ಒಂದು ಇನ್ನಿಂಗ್ಸ್ ಎಸೆದರೂ ಗನ್‌ನಲ್ಲಿ ಬಂದ ಅತಿ ಹೆಚ್ಚಿನ ಅಂಕಿ ಅವನ ಹೆಸರಿನ ಪಕ್ಕ ಇಂಟರ್‌ನೆಟ್‌ಗೆ ಹೋಗುತ್ತದೆ. ಕಾಲೇಜು ಸ್ಕಾಲರ್‌ಶಿಪ್ ಆ ಅಂಕಿಯ ಮೇಲೆ ನಿಂತಿರುತ್ತದೆ.

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ಈ ಬಗ್ಗೆ ದಶಕಗಳಿಂದ ಕೆಲಸ ಮಾಡಿದೆ. ಅಲ್ಲಿನ ಸಂಶೋಧಕರು 2006ರಲ್ಲೇ ಹೇಳಿದ್ದರು: ತೋಳು ದಣಿದಿದ್ದರೂ ಮತ್ತೆ ಮತ್ತೆ ಎಸೆಯುವ ಹುಡುಗರಿಗೆ ಆಪರೇಷನ್ ಆಗುವ ಸಾಧ್ಯತೆ 36 ಪಟ್ಟು ಹೆಚ್ಚು. ವರ್ಷಕ್ಕೆ 8 ತಿಂಗಳಿಗಿಂತ ಹೆಚ್ಚು ಪಿಚ್ ಮಾಡುವವರಿಗೆ 5 ಪಟ್ಟು. ಮೇಜರ್ ಲೀಗ್ ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಅನ್ನುವ ಮಾರ್ಗಸೂಚಿ ತಂದವು. 11-12 ವಯಸ್ಸಿನವರಿಗೆ ದಿನಕ್ಕೆ 85 ಬಾಲ್, 17-18ರವರಿಗೆ 105, ನಡುವೆ ಇಷ್ಟು ದಿನ ವಿಶ್ರಾಂತಿ ಅಂತ. ಒಳ್ಳೆಯ ಮಾರ್ಗಸೂಚಿ. ಆದರೆ ಬಹಳ ಕಡೆ ಅದು ಸಲಹೆ ಮಾತ್ರ. ಇನ್ನೊಂದು ಕೊರತೆಯೂ ಇದೆ. ಅದು ಬಾಲ್ ಎಣಿಸುತ್ತದೆ, ಎಷ್ಟು ಜೋರಾಗಿ ಎಸೆದ ಅನ್ನುವುದನ್ನು ಎಣಿಸುವುದಿಲ್ಲ.

ಭಾರ ಹೆಚ್ಚಿಸಿದ ಬಾಲ್‌ಗಳನ್ನು ಎಸೆದು ವೇಗ ಬೆಳೆಸುವ ತರಬೇತಿ ಈಗ ಎಲ್ಲೆಡೆ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈಸ್ಕೂಲ್ ಪಿಚರ್‌ಗಳಿಗೆ 6 ವಾರ ಈ ತರಬೇತಿ ಕೊಟ್ಟರು. ವೇಗ ಶೇ. 3.3ರಷ್ಟು ಏರಿತು. ಅದೇ ಗುಂಪಿನಲ್ಲಿ ಶೇ. 24 ಹುಡುಗರಿಗೆ ಗಾಯವಾಯಿತು. ಮಾಮೂಲಿ ತರಬೇತಿ ಪಡೆದ ಗುಂಪಿನಲ್ಲಿ ಯಾರಿಗೂ ಆಗಲಿಲ್ಲ. ಚಿಕ್ಕ ಅಧ್ಯಯನ, ನಿಜ. ಆದರೆ ಇಡೀ ವಿಷಯ ಅದರೊಳಗೇ ಇದೆ.

ಜಪಾನ್ ಈ ಪ್ರಶ್ನೆಯನ್ನು ಬೇರೆ ರೀತಿ ಎದುರಿಸಿತು. ಅಲ್ಲಿ ಕೋಶಿಯನ್ ಅನ್ನುವ ಹೈಸ್ಕೂಲ್ ಟೂರ್ನಿ ರಾಷ್ಟ್ರೀಯ ಹಬ್ಬವಿದ್ದಂತೆ. 2013ರಲ್ಲಿ ತೊಮೊಹಿರೊ ಅನ್ರಾಕು ಅನ್ನುವ 16ರ ಹುಡುಗ ಒಂದೇ ಟೂರ್ನಿಯಲ್ಲಿ 772 ಬಾಲ್ ಎಸೆದ. 2019ರಲ್ಲಿ ರೋಕಿ ಸಾಸಾಕಿ ಅನ್ನುವ ಇನ್ನೊಬ್ಬ ಹುಡುಗ 163 ಕಿ.ಮೀ. ವೇಗ ಮುಟ್ಟಿದ್ದ. ಅವನನ್ನು ಪ್ರಾಂತ್ಯದ ಫೈನಲ್‌ನಲ್ಲಿ ಕೋಚ್ ಆಡಿಸಲೇ ಇಲ್ಲ, ತೋಳಿಗೆ ಅಪಾಯ ಅಂದರು. ತಂಡ ಸೋತಿತು, ಕೋಶಿಯನ್ ಕೈತಪ್ಪಿತು, ದೇಶವಿಡೀ ಜಗಳವಾಯಿತು. ಆಮೇಲೆ ವಾರಕ್ಕೆ 500 ಬಾಲ್ ಅನ್ನುವ ಮಿತಿ ಬಂತು. ಆ ಕೋಚ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಭಾರತದಿಂದ ಹೋದ ಹುಡುಗ

ರೇಡಾರ್ ಗನ್ ನಮ್ಮ ದೇಶಕ್ಕೂ ಬಂದಿತ್ತು. 2008ರಲ್ಲಿ ಅತಿ ವೇಗವಾಗಿ, ಗುರಿಯಿಟ್ಟು ಎಸೆಯುವವರನ್ನು ಹುಡುಕುವ ಟಿವಿ ಸ್ಪರ್ಧೆಯೊಂದು ಭಾರತದಲ್ಲಿ ನಡೆಯಿತು. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಅದೇ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಜೊತೆ ಸಹಿ ಹಾಕಿದರು. ಅದಕ್ಕೆ ಮೊದಲು ಅವರು ಬೇಸ್‌ಬಾಲ್ ಆಡಿದವರೇ ಅಲ್ಲ. ದಿನೇಶ್ ಎರಡು ವರ್ಷದಲ್ಲಿ ಮರಳಿದರು. ರಿಂಕು ಮೈನರ್ ಲೀಗ್‌ನಲ್ಲಿ ಹಂತಹಂತವಾಗಿ ಮೇಲೇರುತ್ತಿದ್ದರು. ಆಮೇಲೆ ಟಾಮಿ ಜಾನ್ ಆಪರೇಷನ್ ಸೇರಿದಂತೆ ಒಂದರ ಮೇಲೊಂದು ಗಾಯ. ಸೀಸನ್ ಮೇಲೆ ಸೀಸನ್ ಹೋಯಿತು. ಕೊನೆಗೆ ಅವರು ಕುಸ್ತಿಗೆ ಹೋಗಿ ಡಬ್ಲ್ಯುಡಬ್ಲ್ಯುಇಯಲ್ಲಿ ವೀರ್ ಮಹಾನ್ ಆದರು. ಕ್ರಿಕೆಟಿಗ ರಿಂಕು ಸಿಂಗ್ ಬೇರೆ, ಇವರು ಬೇರೆ.

ಕ್ರಿಕೆಟ್‌ನ ಫಾಸ್ಟ್ ಬೌಲರ್‌ಗಳ ಕಥೆಯೂ ಇದಕ್ಕೆ ದೂರವೇನಿಲ್ಲ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯಕ್ಕೆ ಆಪರೇಷನ್ ಮಾಡಿಸಿಕೊಂಡು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡಿದ್ದು ಹಳೆಯ ಅಭಿಮಾನಿಗಳಿಗೆ ನೆನಪಿರುತ್ತದೆ. ಬುಮ್ರಾ 2023ರಲ್ಲಿ ಬೆನ್ನಿನ ಆಪರೇಷನ್ ಆದಮೇಲೆ ಚೇತರಿಸಿಕೊಂಡಿದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಬೆಂಗಳೂರಿನವರೇ ಆದ ಪ್ರಸಿದ್ಧ್ ಕೃಷ್ಣ ಕೂಡ ಬೆನ್ನಿನ ಗಾಯದಿಂದ ಅದೇ ವರ್ಷ ಮರಳಿದರು. 2025ರ ಇಂಗ್ಲೆಂಡ್ ಪ್ರವಾಸದ 5 ಟೆಸ್ಟ್‌ಗಳಲ್ಲಿ ಬುಮ್ರಾ 3 ಮಾತ್ರ ಆಡಿದಾಗ ಎಷ್ಟು ಜನ ಸಿಟ್ಟಾದರು! ಆದರೆ ಅವರನ್ನು ಉಳಿಸಿಕೊಳ್ಳುವ ಯೋಚನೆಯಾದರೂ ಅಲ್ಲಿತ್ತು.

ಪರಿಹಾರ ಎಲ್ಲಿದೆ?

2024ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಶೇನ್ ಬೀಬರ್, ಯೂರಿ ಪೆರೆಜ್, ಸ್ಪೆನ್ಸರ್ ಸ್ಟ್ರೈಡರ್ ಮೂವರು ಪಿಚರ್‌ಗಳ ಮೊಣಕೈ ಗಾಯದ ಸುದ್ದಿ ಬಂತು. ಆಟಗಾರರ ಯೂನಿಯನ್ ಪಿಚ್ ಕ್ಲಾಕ್ ಮೇಲೆ ಬೊಟ್ಟು ಮಾಡಿತು. 2023ರಿಂದ ಬಂದ ನಿಯಮ ಅದು. ಬೇಸ್‌ನಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಮುಂದಿನ ಬಾಲ್ ಎಸೆಯಲು ಶುರು ಮಾಡಬೇಕು. ದಣಿದ ಸ್ನಾಯುವಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುವುದಿಲ್ಲ ಅನ್ನುವುದು ಯೂನಿಯನ್ ವಾದ. ಕ್ಲಾಕ್‌ಗೂ ಗಾಯಕ್ಕೂ ಸಂಬಂಧ ಕಂಡುಬಂದಿಲ್ಲ ಅನ್ನುವುದು ಲೀಗ್ ವಾದ. ಯೂನಿಯನ್ ಆತಂಕವನ್ನು ಸುಮ್ನೆ ತಳ್ಳಿಹಾಕಬಾರದು. ಆದರೆ ಗಾಯದ ಏರಿಕೆ ಕ್ಲಾಕ್ ಬರುವುದಕ್ಕೂ ಎಷ್ಟೋ ವರ್ಷ ಮುಂಚೆ ಶುರುವಾಗಿತ್ತು ಅನ್ನುವುದೂ ನಿಜ. ಹಾಗಾಗಿ ಈ ಜಗಳ ಗೆದ್ದರೂ ಮೂಲ ಸಮಸ್ಯೆ ಉಳಿಯುತ್ತದೆ.

ನನಗೆ ಹೆಚ್ಚು ಅರ್ಥಪೂರ್ಣ ಅನ್ನಿಸುವುದು ತಂಡದಲ್ಲಿರುವ ಪಿಚರ್‌ಗಳ ಸಂಖ್ಯೆ ಇಳಿಸುವ ಯೋಚನೆ. ಈಗ 26 ಜನರ ತಂಡದಲ್ಲಿ 13 ಪಿಚರ್‌ಗಳಿಗೆ ಅವಕಾಶ. ಅದನ್ನು 11ಕ್ಕೋ 12ಕ್ಕೋ ಇಳಿಸಿದರೆ ಮ್ಯಾನೇಜರ್‌ಗೆ (ತಂಡದ ಮುಖ್ಯ ಕೋಚ್‌ಗೆ) ಸ್ಟಾರ್ಟರ್‌ನನ್ನು ಐದನೇ ಇನ್ನಿಂಗ್ಸ್‌ಗೇ ಹೊರಗೆ ಕರೆಸಲು ಆಗುವುದಿಲ್ಲ. ಏಳು ಇನ್ನಿಂಗ್ಸ್ ಎಸೆಯಬೇಕಾದವನು ಪ್ರತಿ ಬಾಲಿಗೂ ಪೂರ್ತಿ ಬಲ ಹಾಕಲಾರ. ಆಗ ತೋಳು ಉಳಿಸಿಕೊಂಡು ಎಸೆಯುವ ಕಲೆಗೆ ಮತ್ತೆ ಬೆಲೆ ಬರುತ್ತದೆ. ಬರ್ಲಿಯಂಥ ಹುಡುಗನನ್ನು ತಂಡಗಳು ಮತ್ತೆ ಹುಡುಕುತ್ತವೆ. ಸ್ಟಾರ್ಟರ್ ಕನಿಷ್ಠ 6 ಇನ್ನಿಂಗ್ಸ್ ಎಸೆಯಬೇಕು ಅನ್ನುವ ನಿಯಮದ ಮಾತೂ ಬಂದಿದೆ. ಅದು ಸ್ವಲ್ಪ ಒರಟು ದಾರಿ. ದಣಿದವನನ್ನು ನಿಯಮಕ್ಕೋಸ್ಕರ ನಿಲ್ಲಿಸಿದ ಹಾಗೆ ಆಗಬಹುದು.

ಸಂಖ್ಯೆ ಇಳಿಸುವುದಕ್ಕೂ ವಿರೋಧ ಇದೆ, ಅದರಲ್ಲಿ ಹುರುಳೂ ಇದೆ. ತಂಡಕ್ಕೆ ಎರಡು ಕೆಲಸ ಹೋದರೆ 30 ತಂಡಗಳಲ್ಲಿ 60 ಪಿಚರ್‌ಗಳ ಕೆಲಸ ಹೋಗುತ್ತದೆ. ಪೂರ್ತಿ ಬಲದಿಂದ ಎಸೆಯುವುದನ್ನೇ ಕಲಿತು ಬಂದ ಪೀಳಿಗೆಗೆ ಏಕಾಏಕಿ ಇನ್ನಿಂಗ್ಸ್ ಹೆಚ್ಚಿಸಿದರೆ ಮೊದಲ ಒಂದೆರಡು ವರ್ಷ ಗಾಯ ಇನ್ನೂ ಹೆಚ್ಚಬಹುದು. ಹಾಗಾಗಿ ಇದನ್ನು ಮೊದಲು ಮೈನರ್ ಲೀಗ್‌ನಲ್ಲಿ ಶುರು ಮಾಡಿ, ಅಲ್ಲಿಂದ ಬೆಳೆದು ಬಂದವರ ಜೊತೆಗೇ ಮೇಲಕ್ಕೆ ತರಬೇಕು. ಶೋಕೇಸ್‌ಗಳಿಗೂ ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಪೂರ್ತಿ ಬೀಗ ಬೀಳಬೇಕು. ಸ್ಕೌಟ್‌ಗಳು ಬರುವುದಿಲ್ಲ ಅಂತಾದರೆ ಹುಡುಗರೂ ಎಸೆಯುವುದಿಲ್ಲ. ಸ್ಕೌಟ್‌ಗಳನ್ನು ತಡೆಯುವ ಅಧಿಕಾರ ಮೇಜರ್ ಲೀಗ್ ಕೈಯಲ್ಲೇ ಇದೆ.

ಡಿಗ್ರಾಮ್ 2024ರ ಸೆಪ್ಟೆಂಬರ್‌ನಲ್ಲಿ ಮರಳಿದರು. 2025ರಲ್ಲಿ, 37ರ ವಯಸ್ಸಿನಲ್ಲಿ, 30 ಪಂದ್ಯ ಶುರು ಮಾಡಿ 172 ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆದರು. 12 ಗೆಲುವು, 8 ಸೋಲು, ರನ್ ಸರಾಸರಿ 2.97. 2019ರ ನಂತರ ಅವರು ಇಷ್ಟು ಪಂದ್ಯ ಆಡಿದ್ದು ಇದೇ ಮೊದಲು. ಈ ಸಲ ಅವರ ಫಾಸ್ಟ್‌ಬಾಲ್ ಸರಾಸರಿ 157ರ ಆಸುಪಾಸಿನಲ್ಲಿತ್ತು. ಇದು ಈಗಲೂ ಭಾರಿ ವೇಗವೇ, 2021ಕ್ಕಿಂತ ಎರಡು ಮೂರು ಕಿ.ಮೀ. ಕಡಿಮೆ ಅಷ್ಟೇ. ಒಬ್ಬರ ಒಂದು ವರ್ಷ ನೋಡಿ ನಿಯಮ ಬರೆಯಲು ಆಗುವುದಿಲ್ಲ. ಆದರೆ ಅವರು ಹಾಗೆ ವೇಗ ಇಳಿಸಿಕೊಳ್ಳಬಹುದಾದದ್ದು ಒಪ್ಪಂದ ಕೈಯಲ್ಲಿ ಇದ್ದುದರಿಂದ, ಎರಡು ಸೈ ಯಂಗ್ ಮನೆಯಲ್ಲಿ ಇದ್ದುದರಿಂದ. ಟ್ರಿಪಲ್-ಎಯಲ್ಲಿ ಕಾಯುತ್ತಿರುವ ಹುಡುಗನಿಗೆ ಆ ಅವಕಾಶ ಇಲ್ಲ.

ತಂಡಗಳ ಮಾಲೀಕರು ಮತ್ತು ಆಟಗಾರರ ಯೂನಿಯನ್ ನಡುವಿನ ಈಗಿನ ಒಪ್ಪಂದ ಮುಗಿಯುವುದು 2026ರ ಡಿಸೆಂಬರ್ 1ಕ್ಕೆ. ಸಂಬಳದ ಮಿತಿಯ ಬಗ್ಗೆ ದೊಡ್ಡ ಜಗಳ ಆಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅದೇ ಮೇಜಿನ ಮೇಲೆ ಪಿಚರ್‌ಗಳ ಸಂಖ್ಯೆ ಮತ್ತು ಶೋಕೇಸ್ ಕ್ಯಾಲೆಂಡರ್ ಎರಡನ್ನೂ ಇಡುವಂತೆ ಯೂನಿಯನ್‌ನೊಳಗಿನ ಪಿಚರ್‌ಗಳೇ ಒತ್ತಾಯಿಸಬೇಕು. ಮಾಲೀಕರು ತಾವಾಗಿ ಇಡುವುದು ಅನುಮಾನ. ಹರಿದ ತೋಳಿನ ಜಾಗಕ್ಕೆ ಕನಿಷ್ಠ ಸಂಬಳದ ಇನ್ನೊಂದು ತೋಳು ಮರುದಿನವೇ ಬರುತ್ತದೆ ಅಂತ ಅವರಿಗೆ ಗೊತ್ತು.